ತಣ್ಣನೆಯ ಬೋನಿನಿಂದ ಪರಮಾಣುಗಳು ಸೋರುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅತಿಶೀತ ಪರಮಾಣುಗಳ ಬಗ್ಗೆ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು ಅವನ್ನು ತಣ್ಣಗೆ ಮಾಡುವುದು ಹೇಗೆ ಅಂತ. ತಣ್ಣಗಾದ ಮೇಲೂ ಅವು ಬೋನಿನಲ್ಲಿ ಯಾಕೆ ನಿಲ್ಲುವುದಿಲ್ಲ ಎಂಬ ಪ್ರಶ್ನೆ ಆಮೇಲೆ ಬರುತ್ತದೆ. ನನಗೆ ಪ್ರೀತಿ ಜಾಸ್ತಿ ಇರುವುದು ಈ ಎರಡನೆಯ ಪ್ರಶ್ನೆಯ ಮೇಲೆ. ಅದರಲ್ಲೂ ಬೆಳಕನ್ನು ಹೀರಿಕೊಂಡು ಉತ್ತೇಜಿತ ಸ್ಥಿತಿಗೆ ಏರಿದ ಪರಮಾಣುಗಳ ಕಥೆ ನನಗೆ ತುಂಬ ಇಷ್ಟ. ವಿದ್ಯಾರ್ಥಿಗಳು, ಶಿಕ್ಷಕರು, ಸುಮ್ನೆ ಕುತೂಹಲಕ್ಕೆ ಕೇಳಿದವರು ಎತ್ತಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಎಷ್ಟು ತಣ್ಣಗಿರುತ್ತವೆ? ಬೋನು ಅಂದರೆ ಎಂಥದ್ದು?

ರುಬಿಡಿಯಂ ಎಂಬ ಲೋಹ ತೆಗೆದುಕೊಳ್ಳೋಣ. ಕೋಣೆಯ ಬಿಸಿಯಲ್ಲಿ ಅದರ ಪರಮಾಣು ಸೆಕೆಂಡಿಗೆ ಸುಮಾರು 300 ಮೀಟರ್ ಓಡುತ್ತದೆ. ಗಾಳಿ ತೆಗೆದ ಗಾಜಿನ ಕೋಣೆಯೊಳಗೆ ಆರು ದಿಕ್ಕಿನಿಂದ ಲೇಸರ್ ಬೆಳಕು ಬಿಟ್ಟು, ಜೊತೆಗೆ ಒಂದು ಕಾಂತಕ್ಷೇತ್ರ ಇಟ್ಟರೆ, ಆ ಪರಮಾಣು 100 ಮೈಕ್ರೋಕೆಲ್ವಿನ್ ಆಸುಪಾಸಿಗೆ ಇಳಿಯುತ್ತದೆ. ಆಗ ಅದರ ವೇಗ ಸೆಕೆಂಡಿಗೆ ಬರೀ 17 ಸೆಂಟಿಮೀಟರ್. ಅಂಬೆಗಾಲಿಡುವ ಮಗು ಕೂಡ ಅದನ್ನು ಹಿಂದೆ ಹಾಕೀತು. ಇದಕ್ಕೆ ಮ್ಯಾಗ್ನೆಟೋ-ಆಪ್ಟಿಕಲ್ ಟ್ರ್ಯಾಪ್ ಅಂತ ಹೆಸರು. ಲ್ಯಾಬಿನಲ್ಲಿ ಎಲ್ಲರೂ 'ಮಾಟ್' ಅಂತಾರೆ. 1987ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸೋಡಿಯಂ ಪರಮಾಣುಗಳನ್ನು ಮೊದಲ ಸಲ ಹೀಗೆ ಹಿಡಿದರು.

ಬೋನಿಗೆ ಗೋಡೆ ಇಲ್ಲ. ಅದು ಶಕ್ತಿಯ ಒಂದು ಬಟ್ಟಲು, ಪರಮಾಣುಗಳು ಅದರ ತಳದಲ್ಲಿ ಹೊರಳಾಡುವ ಗೋಲಿಗಳು. ಬಟ್ಟಲಿನ ಆಳ ತಾಪಮಾನದ ಲೆಕ್ಕದಲ್ಲಿ ಸಾಮಾನ್ಯವಾಗಿ 1 ಕೆಲ್ವಿನ್ ಆಸುಪಾಸು. ಅಂದರೆ ಹಿಡಿದಿಟ್ಟ ಪರಮಾಣುಗಳ ಮೋಡದ ಬಿಸಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಜಾಸ್ತಿ.

ಅಷ್ಟು ಆಳ ಇದ್ದರೆ ಯಾವ ಪರಮಾಣುವೂ ಹೊರಗೆ ಬೀಳಬಾರದಲ್ವಾ?

ಅವುಗಳ ಓಡಾಟದ ಶಕ್ತಿ ಮಾತ್ರ ಲೆಕ್ಕಕ್ಕೆ ಬರುವುದಿದ್ದರೆ ನಿಜ. ಆದರೆ ಪರಮಾಣುವಿನ ಒಳಗೂ ಶಕ್ತಿ ಇರುತ್ತದೆ. ರುಬಿಡಿಯಂ 780 ನ್ಯಾನೋಮೀಟರ್ ಅಲೆಯುದ್ದದ ಒಂದು ಫೋಟಾನ್ (ಬೆಳಕಿನ ಕಣ) ನುಂಗಿದಾಗ ಅದರ ಒಳಗೆ ಸೇರುವ ಶಕ್ತಿಯನ್ನು ತಾಪಮಾನದ ಲೆಕ್ಕಕ್ಕೆ ತಂದರೆ ಸುಮಾರು 18,000 ಕೆಲ್ವಿನ್! ಹೊರಗೆ ಮೈಕ್ರೋಕೆಲ್ವಿನ್ ತಣ್ಣಗೆ, ಒಳಗೆ ಸೂರ್ಯನ ಮೇಲ್ಮೈಗಿಂತ ಮೂರು ಪಟ್ಟು. ಒಂಟಿಯಾಗಿದ್ದರೆ ತೊಂದರೆ ಇಲ್ಲ. 26 ನ್ಯಾನೋಸೆಕೆಂಡಿನಲ್ಲಿ ಅದೇ ಶಕ್ತಿಯನ್ನು ಬೆಳಕಾಗಿ ಬಿಟ್ಟು ತಳಸ್ಥಿತಿಗೆ, ಅಂದರೆ ಅತಿ ಕಡಿಮೆ ಶಕ್ತಿಯ ಮಟ್ಟಕ್ಕೆ, ಇಳಿಯುತ್ತದೆ. ಅಷ್ಟರೊಳಗೆ ಇನ್ನೊಂದು ಪರಮಾಣು ಹತ್ತಿರ ಬಂದರೆ ಮಾತ್ರ ಕಷ್ಟ. ಆ ಶಕ್ತಿಯ ಹತ್ತು ಸಾವಿರದಲ್ಲಿ ಕೆಲವೇ ಪಾಲು ಓಟದ ಶಕ್ತಿಯಾಗಿ ಬದಲಾದರೂ ಸಾಕು, ಇಬ್ಬರೂ ಬಟ್ಟಲಿನ ಅಂಚು ದಾಟುತ್ತಾರೆ.

ತಳಸ್ಥಿತಿಯ ಪರಮಾಣುಗಳೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವಲ್ಲ? ಉತ್ತೇಜಿತ ಆದಾಗ ಮಾತ್ರ ಏನು ವಿಶೇಷ?

ಇಡೀ ವಿಷಯದ ಗುಟ್ಟು ಇಲ್ಲೇ ಇರುವುದು. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ತಳಸ್ಥಿತಿಯ ಎರಡು ಪರಮಾಣುಗಳು ಒಂದನ್ನೊಂದು ಸೆಳೆಯುವುದು ತುಂಬ ಹತ್ತಿರ ಬಂದಾಗ ಮಾತ್ರ. ಅವುಗಳ ನಡುವಿನ ದೂರ ಎರಡು ಪಟ್ಟಾದರೆ ಸೆಳೆತದ ಶಕ್ತಿ 64 ಪಟ್ಟು ಕಡಿಮೆಯಾಗುತ್ತದೆ. ರುಬಿಡಿಯಂನಲ್ಲಿ ಈ ಸೆಳೆತ ಸುಮಾರು 4 ನ್ಯಾನೋಮೀಟರ್ ಒಳಗೆ ಬಂದರೆ ಮಾತ್ರ ಲೆಕ್ಕಕ್ಕೆ ಸಿಗುತ್ತದೆ.

ಒಂದು ತಳಸ್ಥಿತಿಯಲ್ಲಿ, ಇನ್ನೊಂದು ಉತ್ತೇಜಿತ ಸ್ಥಿತಿಯಲ್ಲಿ ಇದ್ದರೆ ಕಥೆ ಬೇರೆ. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂಬೂರಿ ಪಕ್ಕದಲ್ಲಿಟ್ಟು ಒಂದನ್ನು ಮೀಟಿದರೆ ಇನ್ನೊಂದರ ತಂತಿಯೂ ಮಿಡಿಯುತ್ತದೆ. ಇಲ್ಲೂ ಹಾಗೆಯೇ. ಎರಡೂ ಒಂದೇ ಜಾತಿಯ ಪರಮಾಣು, ಎರಡಕ್ಕೂ ಒಂದೇ ಶ್ರುತಿ. ನುಂಗಿದ ಫೋಟಾನ್ ಇವನದ್ದೋ ಅವನದ್ದೋ ಎಂದು ಹೇಳಲು ಬರುವುದಿಲ್ಲ. ಇಬ್ಬರೂ ಅದನ್ನು ಹಂಚಿಕೊಳ್ಳುತ್ತಾರೆ. ಈ ಹಂಚಿಕೆಯಿಂದ ಹುಟ್ಟುವ ಸೆಳೆತ ದೂರ ಎರಡು ಪಟ್ಟಾದರೂ ಬರೀ 8 ಪಟ್ಟು ಕುಗ್ಗುತ್ತದೆ. ಹಾಗಾಗಿ 100 ನ್ಯಾನೋಮೀಟರ್ ದೂರದಿಂದಲೇ ಅವು ಒಂದರ ಇರವನ್ನು ಇನ್ನೊಂದು ಅರಿಯುತ್ತವೆ. ಕೈ ಇಪ್ಪತ್ತು ಪಟ್ಟು ಉದ್ದವಾಯಿತು ಅಂದುಕೊಳ್ಳಿ.

ಇನ್ನೊಂದು ವಿಷಯ, ವೇಗ. ಬಿಸಿ ಅನಿಲದಲ್ಲಿ ಡಿಕ್ಕಿ ಪಿಕೋಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಅಷ್ಟರಲ್ಲಿ ಫೋಟಾನ್ ಹೊರಗೆ ಬರುವ ಪ್ರಶ್ನೆಯೇ ಇಲ್ಲ. ಸೆಕೆಂಡಿಗೆ 17 ಸೆಂಟಿಮೀಟರ್ ಓಡುವ ಪರಮಾಣುವಾದರೋ 26 ನ್ಯಾನೋಸೆಕೆಂಡಿನಲ್ಲಿ ಸುಮಾರು 4 ನ್ಯಾನೋಮೀಟರ್ ಮಾತ್ರ ಸಾಗುತ್ತದೆ. ಡಿಕ್ಕಿಯ ನಟ್ಟನಡುವೆಯೇ ಅದು ಬೆಳಕು ಬಿಟ್ಟುಬಿಡಬಹುದು. ದಾರಿಯ ಆರಂಭದಲ್ಲೇ ಬಿಟ್ಟರೆ ಏನೂ ಆಗುವುದಿಲ್ಲ. ತಡವಾಗಿ ಬಿಟ್ಟರೆ ಜೋಡಿ ಬೋನಿನಿಂದ ಹೊರಗೆ. ಅಲನ್ ಗ್ಯಾಲಗರ್ ಮತ್ತು ಡೇವಿಡ್ ಪ್ರಿಚರ್ಡ್ 1989ರಲ್ಲಿ ಇದಕ್ಕೆ ಒಂದು ಸರಳ ಲೆಕ್ಕ ಕೊಟ್ಟರು. ಆಮೇಲೆ ಅದನ್ನು ತಿದ್ದಿದ ಕೆಲಸ ಎಷ್ಟೋ ಬಂದಿದೆ. ಆದರೂ ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಅದನ್ನೇ.

ತಡವಾಗಿ ಬೆಳಕು ಬಿಟ್ಟರೆ ನಿಜಕ್ಕೂ ಏನಾಗುತ್ತದೆ?

ಜೋಡಿ ದೂರದಲ್ಲಿದ್ದಾಗ ಒಂದು ಫೋಟಾನ್ ನುಂಗಿತು. ಸೆಳೆತ ಶುರುವಾಗಿ, ಇಳಿಜಾರಿನಲ್ಲಿ ಉರುಳಿದ ಹಾಗೆ ಎರಡೂ ವೇಗ ಪಡೆದವು. ಹತ್ತಿರ ಬಂದಾಗ ಫೋಟಾನ್ ಹೊರಗೆ ಬಂತು. ಆದರೆ ಈಗ ಅದು ನುಂಗಿದ್ದಕ್ಕಿಂತ ಸ್ವಲ್ಪ ಕೆಂಪು, ಅಂದರೆ ಶಕ್ತಿ ಕಡಿಮೆ. ಆ ಕೊರತೆಯೆಲ್ಲ ಓಟದ ಶಕ್ತಿಯಾಗಿ ಪರಮಾಣುಗಳ ಹತ್ತಿರವೇ ಉಳಿಯಿತು. ಇಬ್ಬರ ಪಾಲಿಗೂ ಬಟ್ಟಲಿನ ಆಳಕ್ಕಿಂತ ಜಾಸ್ತಿ ಬಂದರೆ ಇಬ್ಬರೂ ಹೊರಗೆ.

ಎರಡನೆಯ ದಾರಿ ಇನ್ನೂ ಜೋರು. ರುಬಿಡಿಯಂನ ಉತ್ತೇಜಿತ ಮಟ್ಟ ಒಂದಲ್ಲ, ಹತ್ತಿರ ಹತ್ತಿರ ಎರಡಿವೆ. ಅವುಗಳ ನಡುವಿನ ಅಂತರ ಸುಮಾರು 340 ಕೆಲ್ವಿನ್‌ನಷ್ಟು. ತೀರಾ ಹತ್ತಿರ ಬಂದ ಜೋಡಿ ಮೇಲಿನ ಮಟ್ಟದಿಂದ ಕೆಳಗಿನದಕ್ಕೆ ಜಾರಿದರೆ ಅಷ್ಟೂ ಶಕ್ತಿ ಓಟಕ್ಕೆ ಸಿಗುತ್ತದೆ. ತಲೆಗೆ 170 ಕೆಲ್ವಿನ್. ಸೆಕೆಂಡಿಗೆ 17 ಸೆಂಟಿಮೀಟರ್ ಓಡುತ್ತಿದ್ದ ಪರಮಾಣು ಈಗ ಸೆಕೆಂಡಿಗೆ 180 ಮೀಟರ್ ವೇಗದಲ್ಲಿ ಕೋಣೆಯ ಗಾಜಿಗೆ ಹೋಗಿ ಬಡಿಯುತ್ತದೆ.

ಇದನ್ನೆಲ್ಲ ಅಳೆಯುವುದು ಹೇಗೆ? ಒಂದೊಂದು ಡಿಕ್ಕಿಯನ್ನು ನೋಡಲಾಗುತ್ತದೆಯೇ?

ಮಾಟ್‌ನಲ್ಲಿ ನೋಡುವುದು ಮೋಡದ ಹೊಳಪನ್ನು. ಮೋಡ ತುಂಬಿಸಿ, ಹೊಸ ಪರಮಾಣು ಬರುವುದನ್ನು ನಿಲ್ಲಿಸಿ, ಹೊಳಪು ಹೇಗೆ ಕುಂದುತ್ತದೆ ಅಂತ ಗಮನಿಸಬೇಕು. ಕೋಣೆಯಲ್ಲಿ ಉಳಿದ ಅನಿಲದ ಕಣಗಳು ಬಡಿದು ಓಡಿಸುವುದೂ ಇರುತ್ತದೆ. ಅದು ಮೋಡ ಎಷ್ಟೇ ತೆಳುವಾದರೂ ಒಂದೇ ದರದಲ್ಲಿ ನಡೆಯುತ್ತದೆ. ಜೋಡಿ ಡಿಕ್ಕಿ ಹಾಗಲ್ಲ. ಪರಮಾಣುಗಳ ದಟ್ಟಣೆ ಅರ್ಧವಾದರೆ ಜೋಡಿಗಳ ಸಂಖ್ಯೆ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಗೆರೆ ಮೊದಲು ಕಡಿದಾಗಿ ಬೀಳುತ್ತದೆ, ಆಮೇಲೆ ನಿಧಾನವಾಗಿ ಬಾಗುತ್ತದೆ. ಆ ಬಾಗಿನಲ್ಲಿಯೇ ಉತ್ತರ ಇರುವುದು.

ಪರದೆಯ ಮೇಲೆ ಆ ಗೆರೆ ಬಾಗುವುದನ್ನು ಮೊದಲ ಸಲ ಕಂಡ ರಾತ್ರಿ ನಾನು ಮನೆಗೆ ಹೋಗಲಿಲ್ಲ. ಮತ್ತೆ ಮತ್ತೆ ಮೋಡ ತುಂಬಿಸಿ, ಖಾಲಿ ಮಾಡಿ, ಬೆಳಗಿನವರೆಗೂ ನೋಡಿದೆ. ಕಣ್ಣಿಗೆ ಕಾಣದ ಎರಡು ಪರಮಾಣುಗಳ ಭೇಟಿ ಕಾಗದದ ಮೇಲೆ ಗೆರೆಯಾಗಿ ಇಳಿದಿತ್ತು.

ಹಳೆಯ ಪ್ರಯೋಗಗಳಲ್ಲಿ ನನಗೆ ತುಂಬ ಮೆಚ್ಚುಗೆಯಾದದ್ದು ಕಾರ್ಲ್ ವೀಮನ್ ಗುಂಪಿನದು. 1989ರಲ್ಲಿ ಕೊಲರಾಡೋದ ಬೌಲ್ಡರ್‌ನಲ್ಲಿ ಅವರು ಸೀಸಿಯಂ ಮೋಡದ ಸೋರಿಕೆಯನ್ನು ಲೇಸರ್ ಬೆಳಕಿನ ತೀವ್ರತೆ ಬದಲಿಸುತ್ತ ಅಳೆದರು. ಬೆಳಕು ಕಡಿಮೆ ಮಾಡಿದಂತೆ ಉತ್ತೇಜಿತ ಪರಮಾಣುಗಳು ಕಡಿಮೆ, ಸೋರಿಕೆಯೂ ಕಡಿಮೆ. ಅದು ಸರಿ. ಆದರೆ ಇನ್ನೂ ಕಡಿಮೆ ಮಾಡಿದಾಗ ಸೋರಿಕೆ ಒಮ್ಮೆಲೇ ಏರಿತು! ಬೆಳಕು ಮಂದವಾದಾಗ ಬಟ್ಟಲೂ ಆಳ ಕಳೆದುಕೊಂಡಿತ್ತು. ಅಲ್ಲಿಯವರೆಗೆ ಒಳಗೇ ಉಳಿಯುತ್ತಿದ್ದ ತಳಸ್ಥಿತಿಯ ಡಿಕ್ಕಿಗಳೂ ಈಗ ಪರಮಾಣುಗಳನ್ನು ಹೊರಗೆ ತಳ್ಳತೊಡಗಿದ್ದವು. ಬೋನಿಗೆ ಬೆಳಕು ಬೇಕು, ಅದೇ ಬೆಳಕು ಸೋರಿಕೆಗೂ ಕಾರಣ. ಈ ಇಕ್ಕಟ್ಟು ಅಂದಿನಿಂದ ಇಂದಿನವರೆಗೂ ಜೊತೆಗೇ ಇದೆ.

ಬೆಳಕು ಆರಿಸಿಬಿಟ್ಟರೆ ಆಯ್ತಲ್ಲ?

ಒಂದು ಹಂತದ ನಂತರ ಹಾಗೆಯೇ ಮಾಡುತ್ತಾರೆ. ಅದಕ್ಕೆ ಮೊದಲು ಒಂದು ಜಾಣ ಉಪಾಯ ಇದೆ. 1993ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ವೋಲ್ಫ್‌ಗಾಂಗ್ ಕೆಟರ್ಲೆ ಮತ್ತು ಜೊತೆಗಾರರು ಒಂದು ಲೇಸರ್ ಕಿರಣದ ನಡುವೆ ನೆರಳು ಬೀಳಿಸಿದರು. ಮೋಡದ ಮಧ್ಯಕ್ಕೆ ಬಂದ ಪರಮಾಣು ಬೆಳಕನ್ನೇ ನುಂಗದ ಮಟ್ಟಕ್ಕೆ ಇಳಿದು ಅಲ್ಲೇ ತಣ್ಣಗೆ ಕೂರುತ್ತದೆ. ಅಂಚಿಗೆ ಬಂದರೆ ಮತ್ತೆ ಬೆಳಕು ಒಳಗೆ ತಳ್ಳುತ್ತದೆ. ಹೀಗೆ ಮೊದಲಿಗಿಂತ ಎಷ್ಟೋ ದಟ್ಟವಾದ ಮೋಡ ಸಿಕ್ಕಿತು.

ಕತ್ತಲಲ್ಲಿಯೂ ಸೋರಿಕೆ ಪೂರ್ತಿ ನಿಲ್ಲುವುದಿಲ್ಲ. ಮೂರು ಪರಮಾಣುಗಳು ಒಟ್ಟಿಗೆ ಸೇರಿದಾಗ ಎರಡು ಅಣುವಾಗಿ ಅಂಟಿಕೊಂಡು ಮೂರನೆಯದನ್ನು ಒದೆಯುತ್ತವೆ. ಅದು ತಳಸ್ಥಿತಿಯ ಕಥೆ, ಇಲ್ಲಿಗೆ ಸಾಕು.

ಉತ್ತೇಜಿತ ಸ್ಥಿತಿ 26 ನ್ಯಾನೋಸೆಕೆಂಡ್ ಮಾತ್ರ ಬಾಳುತ್ತದೆ ಅಂದಿರಿ. ತುಂಬ ಹೊತ್ತು ಬಾಳುವಂಥದ್ದು ಇಲ್ಲವೇ?

ಇದೆ, ಮತ್ತು ಅದೊಂದು ಅದ್ಭುತ. ಹೀಲಿಯಂ ಪರಮಾಣುವಿನ ಒಂದು ಉತ್ತೇಜಿತ ಮಟ್ಟ ಎರಡು ಗಂಟೆಗೂ ಹೆಚ್ಚು ಕಾಲ ಬಾಳುತ್ತದೆ. ಸುಮಾರು 7,900 ಸೆಕೆಂಡು. ಬೆಳಕು ಬಿಟ್ಟು ಕೆಳಗೆ ಇಳಿಯಲು ಅದಕ್ಕೆ ಸಲೀಸಾದ ದಾರಿ ಇಲ್ಲ, ಅದಕ್ಕೇ ಅಷ್ಟು ಹೊತ್ತು. ಒಳಗಿರುವ ಶಕ್ತಿ 19.8 ಎಲೆಕ್ಟ್ರಾನ್ ವೋಲ್ಟ್. ತಾಪಮಾನದ ಲೆಕ್ಕದಲ್ಲಿ ಸುಮಾರು 2.3 ಲಕ್ಷ ಕೆಲ್ವಿನ್. ಇಂಥ ಪರಮಾಣುಗಳನ್ನು ಮೈಕ್ರೋಕೆಲ್ವಿನ್‌ಗೆ ಇಳಿಸಿ ಬೋನಿನಲ್ಲಿಡುವುದೆಂದರೆ, ಹೊತ್ತಿಕೊಳ್ಳಲು ಕಾದಿರುವ ಪಟಾಕಿಗಳನ್ನು ಒಂದೇ ಬುಟ್ಟಿಯಲ್ಲಿ ಜೋಡಿಸಿದ ಹಾಗೆ.

ಎರಡು ಉತ್ತೇಜಿತ ಹೀಲಿಯಂ ಸೇರಿದರೆ ಒಟ್ಟು ಶಕ್ತಿ 39.6 ಎಲೆಕ್ಟ್ರಾನ್ ವೋಲ್ಟ್. ಒಂದು ಹೀಲಿಯಂನಿಂದ ಎಲೆಕ್ಟ್ರಾನ್ ಕಿತ್ತು ಹಾಕಲು 24.6 ಸಾಕು. ಹಾಗಾಗಿ ಒಂದು ತಳಸ್ಥಿತಿಗೆ ಬೀಳುತ್ತದೆ, ಇನ್ನೊಂದು ಎಲೆಕ್ಟ್ರಾನ್ ಕಳೆದುಕೊಂಡು ಅಯಾನ್ ಆಗುತ್ತದೆ. ಇದಕ್ಕೆ ಡಚ್ ವಿಜ್ಞಾನಿ ಫ್ರಾನ್ಸ್ ಪೆನಿಂಗ್ ಅವರ ಹೆಸರನ್ನೇ ಇಟ್ಟಿದ್ದಾರೆ, ಪೆನಿಂಗ್ ಅಯಾನೀಕರಣ ಅಂತ.

ಹಾಗಿದ್ದರೆ ಅದನ್ನು ದಟ್ಟವಾಗಿ ಹಿಡಿಯಲು ಹೇಗೆ ಸಾಧ್ಯವಾಯಿತು?

ಸ್ಪಿನ್, ಅಂದರೆ ಕಣಗಳಿಗೆ ಹುಟ್ಟಿನಿಂದಲೇ ಇರುವ ಗಿರಕಿಯಂಥ ಗುಣ, ಕಾಪಾಡಿತು. ಉತ್ತೇಜಿತ ಹೀಲಿಯಂನ ಸ್ಪಿನ್ 1. ಎಲ್ಲ ಪರಮಾಣುಗಳ ಸ್ಪಿನ್ ಒಂದೇ ದಿಕ್ಕಿಗೆ ತಿರುಗಿಸಿಟ್ಟರೆ ಯಾವ ಜೋಡಿಯ ಮೊತ್ತವೂ 2. ಡಿಕ್ಕಿಯ ನಂತರ ಏನಿರುತ್ತದೆ ನೋಡಿ. ತಳಸ್ಥಿತಿಯ ಹೀಲಿಯಂಗೆ ಸೊನ್ನೆ, ಅಯಾನಿಗೆ ಅರ್ಧ, ಬಿಡಿ ಎಲೆಕ್ಟ್ರಾನಿಗೆ ಅರ್ಧ. ಎಷ್ಟು ಕೂಡಿಸಿದರೂ 1 ದಾಟುವುದಿಲ್ಲ. 2 ಇದ್ದದ್ದು 1 ಆಗುವ ಹಾಗಿಲ್ಲ. ಹಾಗಾಗಿ ಬಾಗಿಲು ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. ಸೋರಿಕೆ ಸಾವಿರಗಟ್ಟಲೆ ಪಟ್ಟಲ್ಲ, ಹತ್ತಾರು ಸಾವಿರ ಪಟ್ಟು ತಗ್ಗುತ್ತದೆ. ಇದನ್ನು 1994ರಲ್ಲಿ ಲೆಕ್ಕ ಹಾಕಿ ಮೊದಲೇ ಹೇಳಿದ್ದರು.

2001ರಲ್ಲಿ ಫ್ರಾನ್ಸಿನ ಎರಡು ಗುಂಪುಗಳು, ಒಂದು ಓರ್ಸೇಯಲ್ಲಿ, ಇನ್ನೊಂದು ಪ್ಯಾರಿಸಿನ ಎಕೋಲ್ ನಾರ್ಮಾಲ್‌ನಲ್ಲಿ, ಈ ಉತ್ತೇಜಿತ ಹೀಲಿಯಂನಲ್ಲೇ ಬೋಸ್-ಐನ್‌ಸ್ಟೈನ್ ಸಾಂದ್ರಿತ (ಎಲ್ಲ ಪರಮಾಣುಗಳೂ ಒಂದೇ ಅಲೆಯಂತೆ ನಡೆಯುವ ಸ್ಥಿತಿ) ಮಾಡಿ ತೋರಿಸಿದವು. ತಳಸ್ಥಿತಿಯ ರುಬಿಡಿಯಂನಲ್ಲಿ ಅದು 1995ರಲ್ಲೇ ಆಗಿತ್ತು, ನಿಜ. ಆದರೆ ಒಳಗೆ ಇಷ್ಟು ಶಕ್ತಿ ಹೊತ್ತ ಪರಮಾಣುಗಳು ಒಂದೇ ಅಲೆಯಾಗಿ ನಿಂತದ್ದು ನನ್ನ ಪ್ರಕಾರ ಈ ಕ್ಷೇತ್ರದ ಅತ್ಯಂತ ಚೆಂದದ ಗೆಲುವುಗಳಲ್ಲಿ ಒಂದು.

ಉಳಿದ ಚೂರು ಸೋರಿಕೆಯೂ ವ್ಯರ್ಥವಾಗಲಿಲ್ಲ. ಹೊರಬಂದ ಅಯಾನುಗಳನ್ನು ಎಣಿಸಿದರೆ ಮೋಡ ಎಷ್ಟು ದಟ್ಟವಾಯಿತು ಎಂದು ಅದನ್ನು ಮುಟ್ಟದೆಯೇ ತಿಳಿಯುತ್ತದೆ. ಅಷ್ಟೇ ಅಲ್ಲ, ಒಳಗಿನ ಶಕ್ತಿ ಇರುವುದರಿಂದ ಒಂದೊಂದು ಪರಮಾಣು ಪತ್ತೆಕಾರಕದ ಮೇಲೆ ಬಿದ್ದಾಗಲೂ ಅದರ ಸದ್ದು ಸಿಗುತ್ತದೆ. 2005ರಲ್ಲಿ ಓರ್ಸೇಯವರು ಹೀಗೆ ಪರಮಾಣುಗಳನ್ನು ಒಂದೊಂದಾಗಿ ಎಣಿಸಿ, ಒಂದೇ ಸ್ಥಿತಿಯಲ್ಲಿ ಒಟ್ಟಿಗೆ ಇರಬಲ್ಲ ಕಣಗಳಾದ ತಣ್ಣನೆಯ ಬೋಸಾನ್‌ಗಳು ಜೊತೆಜೊತೆಯಾಗಿ ಬರುವುದನ್ನು ಕಂಡರು.

ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಉತ್ತೇಜಿತ ನಿಯಾನ್‌ನಲ್ಲಿ ಸೋರಿಕೆ ತಗ್ಗುವುದು ನೂರು ಪಟ್ಟಿನ ಒಳಗೆ. ಕ್ಸೆನಾನ್‌ನಲ್ಲಿ ಅದು ಫಲಿಸಲಿಲ್ಲ.

ಪರಮಾಣು ಗಡಿಯಾರಗಳಿಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಸ್ಟ್ರಾನ್ಷಿಯಂ ಗಡಿಯಾರ 698 ನ್ಯಾನೋಮೀಟರ್ ಬೆಳಕಿನಿಂದ ನಡೆಯುತ್ತದೆ. ಅದರ ಉತ್ತೇಜಿತ ಮಟ್ಟವೂ ತುಂಬ ಹೊತ್ತು ಬಾಳುವಂಥದ್ದು. ಲೇಸರ್ ಅಲೆಗಳು ಕಟ್ಟುವ ಬೆಳಕಿನ ಜಾಲರಿಯ ಒಂದೊಂದು ಗುಂಡಿಯಲ್ಲಿ ಹಲವು ಪರಮಾಣು ಕೂತರೆ ಉತ್ತೇಜಿತವಾದವು ಒಂದಕ್ಕೊಂದು ಬಡಿದು ಕಳೆದುಹೋಗುತ್ತವೆ. ಜೊತೆಗೆ ಗಡಿಯಾರದ ಲಯವೂ ಚೂರು ಸರಿಯುತ್ತದೆ. ಒಂದೇ ಸ್ಥಿತಿಯಲ್ಲಿರುವ ಫರ್ಮಿಯಾನ್‌ಗಳು ಒಂದರ ಹತ್ತಿರ ಒಂದು ಬರುವುದಿಲ್ಲ, ಆದ್ದರಿಂದ ಫರ್ಮಿಯಾನ್ ಜಾತಿಯ ಸ್ಟ್ರಾನ್ಷಿಯಂ-87ರಲ್ಲಿ ತೊಂದರೆ ಇರಲಾರದು ಎಂದೇ ಮೊದಲು ಅಂದುಕೊಂಡಿದ್ದರು. ಅಳೆದು ನೋಡಿದರೆ ಅಲ್ಲೂ ಸೋರಿಕೆ ಇತ್ತು. 2017ರಲ್ಲಿ ಬೌಲ್ಡರ್‌ನ ಜುನ್ ಯೇ ಗುಂಪು ಮೂರು ಆಯಾಮದ ಜಾಲರಿಯಲ್ಲಿ ಗುಂಡಿಗೆ ಒಂದೇ ಪರಮಾಣು ಕೂರಿಸಿ ಗಡಿಯಾರ ನಡೆಸಿತು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಡಿಕ್ಕಿ ಎಲ್ಲಿಂದ ಬರಬೇಕು?

ಸೋರಿಕೆಯನ್ನೇ ಉಪಯೋಗಿಸಿಕೊಳ್ಳಬಹುದಾ?

ಚೆನ್ನಾಗಿ ಉಪಯೋಗಿಸಿಕೊಂಡಿದ್ದಾರೆ. ಒಂದೇ ಒಂದು ಪರಮಾಣು ಹಿಡಿಯಬೇಕು ಅಂದುಕೊಳ್ಳಿ. ಲೇಸರನ್ನು ಒಂದು ಮೈಕ್ರೋಮೀಟರ್‌ನಷ್ಟು ಸಣ್ಣ ಚುಕ್ಕಿಗೆ ಕೂಡಿಸಿದರೆ ಅದೇ ಚಿಮುಟದ ಹಾಗೆ ಪರಮಾಣುವನ್ನು ಹಿಡಿಯುತ್ತದೆ. ಎರಡನೆಯದು ಒಳಗೆ ಬಂದ ಕೂಡಲೇ ಬೆಳಕಿನಿಂದ ಆಗುವ ಡಿಕ್ಕಿ ಇಬ್ಬರನ್ನೂ ಹೊರಗೆ ಹಾಕುತ್ತದೆ. ಹಾಗಾಗಿ ಒಳಗೆ ಇರುವುದು ಸೊನ್ನೆ ಅಥವಾ ಒಂದು, ಎರಡು ಎಂದೂ ಇಲ್ಲ. ಫ್ರಾನ್ಸಿನ ಫಿಲಿಪ್ ಗ್ರಾಂಜಿಯೇ ಗುಂಪು 2001ರಲ್ಲಿ ಇದನ್ನು ತೋರಿಸಿತು.

ಕೊರತೆ ಅಂದರೆ ಸುಮಾರು ಅರ್ಧ ಸಲ ಚಿಮುಟ ಖಾಲಿ. 2010ರಲ್ಲಿ ನ್ಯೂಜಿಲೆಂಡಿನ ಒಟಾಗೋದಲ್ಲಿ ಬೆಳಕಿನ ಬಣ್ಣವನ್ನು ಇನ್ನೊಂದು ಕಡೆಗೆ, ನೀಲಿಯತ್ತ, ಸರಿಸಿದರು. ಆಗ ಜೋಡಿ ಸೆಳೆಯುವ ಬದಲು ತಳ್ಳಾಡುತ್ತದೆ. ಸಿಗುವ ಒದೆತವನ್ನೂ ಅಳತೆ ಮಾಡಿ ಕೊಡಬಹುದು, ಒಬ್ಬನೇ ಹೊರಗೆ ಹೋಗುವಷ್ಟು. ಒಂದೇ ಪರಮಾಣು ಸಿಗುವ ಸಾಧ್ಯತೆ ಶೇ. 83ರ ಹತ್ತಿರ ಬಂತು. ಇಂದು ನೂರಾರು ಪರಮಾಣುಗಳನ್ನು ಸಾಲಾಗಿ ಜೋಡಿಸಿ ಕ್ವಾಂಟಂ ಕಂಪ್ಯೂಟರ್ ಕಟ್ಟುವವರೆಲ್ಲ ನಿಂತಿರುವುದು ಈ ಡಿಕ್ಕಿಯ ಮೇಲೆಯೇ.

ರಿಡ್‌ಬರ್ಗ್ ಪರಮಾಣುಗಳಲ್ಲೂ ಹೀಗೇನಾ?

ಎಲೆಕ್ಟ್ರಾನ್ ತುಂಬ ಮೇಲಿನ ಮಟ್ಟಕ್ಕೆ ಏರಿದ ಪರಮಾಣುಗಳಿಗೆ ಆ ಹೆಸರು. ಅಲ್ಲಿ ಎಲ್ಲವೂ ದೊಡ್ಡದು. 70ನೇ ಮಟ್ಟಕ್ಕೆ ಏರಿದ ಪರಮಾಣುವಿನ ಅಗಲ ಅರ್ಧ ಮೈಕ್ರೋಮೀಟರ್‌ಗೂ ಜಾಸ್ತಿ. 35ನೇ ಮಟ್ಟದಿಂದ 70ಕ್ಕೆ ಏರಿಸಿದರೆ ಜೋಡಿಯ ನಡುವಿನ ಬಲ ಸುಮಾರು 2,000 ಪಟ್ಟು ಹೆಚ್ಚುತ್ತದೆ. ಸೆಳೆಯುವ ಜೋಡಿ ಡಿಕ್ಕಿ ಹೊಡೆದರೆ ಎಲೆಕ್ಟ್ರಾನ್ ಸಿಡಿಯುತ್ತದೆ. ದಟ್ಟವಾದ ಮೋಡವಾದರೆ ತಾನಾಗಿಯೇ ತಣ್ಣನೆಯ ಪ್ಲಾಸ್ಮಾ (ಅಯಾನು, ಎಲೆಕ್ಟ್ರಾನುಗಳ ಮಿಶ್ರಣ) ಆಗಿಬಿಡುತ್ತದೆ. ಇದನ್ನು 2000ರಲ್ಲಿ ಕಂಡರು.

ಬೆಂಗಳೂರಿನಲ್ಲಿ ಇಂಥ ಕೆಲಸ ನಡೆಯುತ್ತದೆಯೇ?

ನಡೆಯುತ್ತದೆ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಣ್ಣನೆಯ ರುಬಿಡಿಯಂ ಮೋಡವನ್ನೂ ಅಯಾನುಗಳನ್ನೂ ಒಂದೇ ಜಾಗದಲ್ಲಿ ಹಿಡಿದಿಡುತ್ತಾರೆ. ಮಾಟ್ ಬೆಳಗುತ್ತಿರುವುದರಿಂದ ಆ ಮೋಡದ ಒಂದು ಪಾಲು ಯಾವಾಗಲೂ ಉತ್ತೇಜಿತ ಸ್ಥಿತಿಯಲ್ಲೇ ಇರುತ್ತದೆ. 2012ರಲ್ಲಿ ಅವರು ರುಬಿಡಿಯಂ ಅಯಾನುಗಳು ಆ ಮೋಡಕ್ಕೆ ಬಡಿದು ತಂಪಾಗುವುದನ್ನು ತೋರಿಸಿದರು. ಅದರಲ್ಲಿ ಒಂದು ಬಗೆ ನನಗೆ ಬಲು ಇಷ್ಟ. ವೇಗವಾಗಿ ಬಂದ ಅಯಾನು ನಿಂತಿರುವ ಪರಮಾಣುವಿನಿಂದ ಒಂದು ಎಲೆಕ್ಟ್ರಾನ್ ಕಸಿದುಕೊಳ್ಳುತ್ತದೆ. ಈಗ ಓಡುತ್ತಿರುವುದು ಪರಮಾಣು, ನಿಂತಿರುವುದು ಅಯಾನು. ಪರಮಾಣು ಬೋನಿನಿಂದ ಹೊರಗೆ ಹೋಗುತ್ತದೆ, ತಣ್ಣನೆಯ ಅಯಾನು ಒಳಗೆ ಉಳಿಯುತ್ತದೆ.

ನಾನು ಬಿ.ಎಸ್ಸಿ. ಓದುತ್ತಿದ್ದೇನೆ, ಲೇಸರ್ ಲ್ಯಾಬ್ ಇಲ್ಲ. ಏನು ಮಾಡಬಹುದು?

ಒಂದು ಸ್ಪ್ರೆಡ್‌ಶೀಟ್ ಸಾಕು. 1 ಕೋಟಿ ಪರಮಾಣುಗಳಿಂದ ಶುರು ಮಾಡಿ. ಪ್ರತಿ ಸೆಕೆಂಡು ಇರುವುದರಲ್ಲಿ ಶೇ. 2 ಕಳೆಯಿರಿ, ಅದು ಉಳಿದ ಅನಿಲದ ಪಾಲು. ಜೋಡಿ ಡಿಕ್ಕಿಗೆ ಇನ್ನೊಂದು ಭಾಗ ಕಳೆಯಿರಿ. ಮೊದಲ ಸೆಕೆಂಡಿಗೆ ಅದು ಶೇ. 10 ಇರಲಿ. ಪರಮಾಣು ಕಡಿಮೆಯಾದಷ್ಟೂ ಆ ಶೇಕಡಾ ಅದೇ ಪ್ರಮಾಣದಲ್ಲಿ ಇಳಿಯಬೇಕು. 100 ಸೆಕೆಂಡಿನವರೆಗೆ ನಡೆಸಿ, ಉಳಿದ ಸಂಖ್ಯೆಯ ಲಾಗ್ ತೆಗೆದು ಗೆರೆ ಎಳೆಯಿರಿ. ಮೊದಲ ಭಾಗ ಬಾಗಿರುತ್ತದೆ, ಕೊನೆಯದು ನೇರ. 25ನೇ ಸೆಕೆಂಡಿನ ಆಸುಪಾಸಿನಲ್ಲಿ 20 ಲಕ್ಷ ಉಳಿದಾಗ ಎರಡೂ ಸೋರಿಕೆ ಸಮ ಆಗುತ್ತವೆ. ಆಮೇಲೆ ಆ ಶೇ. 10ನ್ನು 30 ಮಾಡಿ, ನಂತರ 1 ಮಾಡಿ, ಬಾಗು ಎಲ್ಲಿಗೆ ಸರಿಯುತ್ತದೆ ಅಂತ ನೋಡಿ.